ಅಯಾನು ನಾಲೆಗಳ ಸಹಾಯಕ ಪ್ರೋಟೀನುಗಳು

ನರಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದ ಅಯಾನುಗಳಿಗೆ ದಾರಿ ಕೊಡುವ ಪ್ರೋಟೀನುಗಳಿಗೆ ಅಯಾನು ನಾಲೆಗಳು ಎಂದು ಹೆಸರು. ಅಯಾನ್ ಚಾನಲ್ ಎಂಬ ಮಾತೂ ಬಳಕೆಯಲ್ಲಿದೆ. ಈ ನಾಲೆಗಳಿಗೆ ಅಂಟಿಕೊಂಡು ಕೆಲಸ ಮಾಡುವ ಇನ್ನೊಂದು ಬಗೆಯ ಪ್ರೋಟೀನುಗಳಿವೆ. ಅವು ತಾವಾಗಿ ಅಯಾನು ಸಾಗಿಸುವುದಿಲ್ಲ. ನಾಲೆ ಪೊರೆಯ ಯಾವ ಜಾಗದಲ್ಲಿರಬೇಕು, ಎಷ್ಟು ಸಂಖ್ಯೆಯಲ್ಲಿರಬೇಕು, ಯಾವಾಗ ತೆರೆದು ಎಷ್ಟು ಬೇಗ ಮುಚ್ಚಬೇಕು ಎಂಬುದನ್ನು ಅವು ನಿರ್ಧರಿಸುತ್ತವೆ. ಇವನ್ನು ಸಹಾಯಕ ಪ್ರೋಟೀನುಗಳು ಅಥವಾ ಸಹಾಯಕ ಉಪಘಟಕಗಳು ಎನ್ನುತ್ತಾರೆ. ಕೆರೆಯ ನೀರು ಹರಿಯುವುದು ತೂಬಿನಿಂದಲೇ ಆದರೂ ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ನೀರುಗಂಟಿಯ ಕೈಯಲ್ಲಿರುವಂತೆ, ನರಕೋಶದ ವಿದ್ಯುತ್ ನಡವಳಿಕೆಯ ಬಹುಪಾಲು ಈ ಸಹಾಯಕರ ಹಿಡಿತದಲ್ಲಿದೆ. ಒಂದೇ ನಾಲೆ ಮೆದುಳಿನ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ರೀತಿ ವರ್ತಿಸುವುದು, ಒಂದೇ ವಿಷ ಒಂದು ಅಂಗಕ್ಕೆ ತಾಗಿ ಇನ್ನೊಂದಕ್ಕೆ ತಾಗದಿರುವುದು, ಕೆಲವು ಮೂರ್ಛೆರೋಗಗಳು, ನರನೋವಿನ ಮಾತ್ರೆಗಳ ಗುಣ ಇವುಗಳ ಕಾರಣ ಎಷ್ಟೋ ವೇಳೆ ನಾಲೆಯಲ್ಲಿಲ್ಲ, ಅದರ ಜೊತೆಗಾರನಲ್ಲಿದೆ.

ಹಿನ್ನೆಲೆ

ನರಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಕ್ಯಾಲ್ಸಿಯಂ ಹೊರಗಿರುವುದಕ್ಕೆ ಹೋಲಿಸಿದರೆ ಒಳದ್ರವದಲ್ಲಿ ಸಾವಿರಾರು ಪಾಲು ಕಡಿಮೆ. ಕೋಶ ಸುಮ್ಮನಿರುವಾಗ ಅದರ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ ವಿದ್ಯುದಂಶದಲ್ಲಿರುತ್ತದೆ. ಪ್ರಚೋದನೆ ಬಂದಾಗ ಸೋಡಿಯಂ ನಾಲೆಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಒಂದೆರಡು ಮಿಲಿಸೆಕೆಂಡಿನೊಳಗೆ ಆ ನಾಲೆಗಳು ನಿಷ್ಕ್ರಿಯವಾಗಿ, ಪೊಟ್ಯಾಸಿಯಂ ನಾಲೆಗಳು ತೆರೆದು ಹಳೆಯ ಸ್ಥಿತಿ ಮರಳುತ್ತದೆ. ನರದಲ್ಲಿ ಸಾಗುವ ಸುದ್ದಿ ಎಂದರೆ ಈ ಏರಿಳಿತವೇ. ಅದು ನರದ ತುದಿ ತಲುಪಿದಾಗ ಕ್ಯಾಲ್ಸಿಯಂ ನಾಲೆಗಳು ತೆರೆಯುತ್ತವೆ. ಒಳಬಂದ ಕ್ಯಾಲ್ಸಿಯಂ ನರವಾಹಕ ರಾಸಾಯನಿಕವನ್ನು ಹೊರಹಾಕಿಸಿ ಸುದ್ದಿಯನ್ನು ಮುಂದಿನ ಕೋಶಕ್ಕೆ ದಾಟಿಸುತ್ತದೆ.

ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪ ನರದ ಮೇಲೆ ಪ್ರಯೋಗ ನಡೆಸಿ 1952ರಲ್ಲಿ ಈ ಪ್ರಕ್ರಿಯೆಗೆ ಗಣಿತದ ರೂಪ ಕೊಟ್ಟರು. 1976ರಲ್ಲಿ ನೇಹರ್ ಮತ್ತು ಸಾಕ್‌ಮನ್ ಪ್ಯಾಚ್ ಕ್ಲ್ಯಾಂಪ್ ವಿಧಾನದಿಂದ ಒಂದೇ ಒಂದು ನಾಲೆಯ ಪ್ರವಾಹವನ್ನು ಅಳೆದರು. ಇದಕ್ಕೆ 1991ರಲ್ಲಿ ನೊಬೆಲ್ ಪಾರಿತೋಷಕ ಬಂತು. 1998ರಲ್ಲಿ ರಾಡರಿಕ್ ಮೆಕಿನನ್ ಬ್ಯಾಕ್ಟೀರಿಯದ ಪೊಟ್ಯಾಸಿಯಂ ನಾಲೆಯೊಂದರ ಪರಮಾಣು ಮಟ್ಟದ ರಚನೆಯನ್ನು ತೋರಿಸಿದರು. ಅವರಿಗೆ 2003ರ ರಸಾಯನವಿಜ್ಞಾನದ ನೊಬೆಲಿನಲ್ಲಿ ಪಾಲು ಸಂದಿತು.

ನಾಲೆಯ ಜೊತೆ ಬೇರೆ ಪ್ರೋಟೀನುಗಳೂ ಇವೆ ಎಂಬ ಸುಳಿವು ಸಿಕ್ಕಿದ್ದು ಚೇಳಿನ ವಿಷದಿಂದ. ವಿಲಿಯಂ ಕ್ಯಾಟರಾಲ್ ಅವರ ಗುಂಪು 1980ರಲ್ಲಿ, ಬೆಳಕು ಬಿದ್ದೊಡನೆ ಪಕ್ಕದ ಪ್ರೋಟೀನಿಗೆ ಕಚ್ಚಿಕೊಳ್ಳುವಂತೆ ಮಾರ್ಪಡಿಸಿದ ಚೇಳಿನ ವಿಷವನ್ನು ಸೋಡಿಯಂ ನಾಲೆಗೆ ಅಂಟಿಸಿತು. ವಿಷ ಹಿಡಿದುಕೊಂಡದ್ದು ಒಂದಲ್ಲ, ಎರಡು ಪ್ರೋಟೀನುಗಳನ್ನು. ಮುಂದೆ ಇಲಿಯ ಮೆದುಳಿನಿಂದ ಶುದ್ಧೀಕರಿಸಿದಾಗ ಸುಮಾರು 260 ಕಿಲೋಡಾಲ್ಟನ್ ತೂಕದ ದೊಡ್ಡ ಆಲ್ಫಾ ಘಟಕದ ಜೊತೆ 36 ಮತ್ತು 33 ಕಿಲೋಡಾಲ್ಟನ್ನಿನ ಎರಡು ಸಣ್ಣ ಘಟಕಗಳು ದೊರೆತವು. ಅವಕ್ಕೆ ಬೀಟಾ1, ಬೀಟಾ2 ಎಂದು ಹೆಸರಿಟ್ಟರು.

ಸಹಾಯಕ ಎನಿಸಿಕೊಳ್ಳಲು ಬೇಕಾದ ಲಕ್ಷಣ

ನಾಲೆಯ ಬಳಿ ಸುಳಿಯುವ ಪ್ರೋಟೀನುಗಳೆಲ್ಲ ಸಹಾಯಕಗಳಲ್ಲ. ಸಾಮಾನ್ಯವಾಗಿ ನಾಲ್ಕು ಲಕ್ಷಣಗಳನ್ನು ನೋಡುತ್ತಾರೆ. ಒಂದು, ಅದು ಅಯಾನು ಹಾಯುವ ರಂಧ್ರದ ಭಾಗವಾಗಿರಬಾರದು. ಎರಡು, ನಾಲೆಗೆ ನೇರವಾಗಿ ಮತ್ತು ಸ್ಥಿರವಾಗಿ ಅಂಟಿಕೊಂಡಿರಬೇಕು. ಮೂರು, ನಾಲೆಯ ಗುಣವನ್ನಾಗಲಿ ಸಾಗಾಟವನ್ನಾಗಲಿ ಬದಲಿಸಬೇಕು. ನಾಲ್ಕು, ಜೀವಂತ ಪ್ರಾಣಿಯಲ್ಲಿ ಅದನ್ನು ತೆಗೆದರೆ ವ್ಯತ್ಯಾಸ ಕಾಣಬೇಕು. ಇವೆಲ್ಲಕ್ಕೂ ಸರಿಹೊಂದದಿದ್ದರೂ ನಾಲೆಯನ್ನು ಹೊರಗಿನಿಂದ ಹತೋಟಿಯಲ್ಲಿಡುವ ಪ್ರೋಟೀನುಗಳನ್ನು ನಿಯಂತ್ರಕಗಳು ಎಂಬ ವಿಶಾಲ ಗುಂಪಿಗೆ ಸೇರಿಸುವುದುಂಟು. ಇವೆರಡರ ನಡುವಿನ ಗೆರೆ ಅಷ್ಟೇನೂ ಗಟ್ಟಿಯಲ್ಲ.

ಸಹಾಯಕಗಳ ಕೆಲಸ ಐದು ಬಗೆಯದು: ಕೋಶದೊಳಗೆ ತಯಾರಾದ ನಾಲೆಯನ್ನು ಸರಿಯಾಗಿ ಮಡಿಚಿ ಪೊರೆಗೆ ತಲುಪಿಸುವುದು, ಅದು ಬೇಗ ನಾಶವಾಗದಂತೆ ಕಾಯುವುದು, ನರತಂತುವಿನ ಆರಂಭ, ತುದಿ, ಟಿಸಿಲುಗಳಲ್ಲಿ ಗೊತ್ತಾದ ಜಾಗದಲ್ಲಿ ನಿಲ್ಲಿಸುವುದು, ತೆರೆಯುವ ಮುಚ್ಚುವ ವೇಗವನ್ನು ಬದಲಿಸುವುದು, ವಿಷ ಅಥವಾ ಔಷಧ ನಾಲೆಯನ್ನು ಹಿಡಿಯುವ ಬಿಗಿಯನ್ನು ಬದಲಿಸುವುದು. ಒಂದೇ ಪ್ರೋಟೀನು ಇವುಗಳಲ್ಲಿ ಎರಡು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುವುದೇ ಹೆಚ್ಚು.

ಸೋಡಿಯಂ ನಾಲೆಯ ಜೊತೆಗಾರರು

ಸೋಡಿಯಂ ನಾಲೆಯ ಆಲ್ಫಾ ಘಟಕ ಸುಮಾರು 2000 ಅಮೈನೋ ಆಮ್ಲಗಳ ಒಂದೇ ಸರಪಳಿ. ಪೊರೆಯನ್ನು 24 ಬಾರಿ ಹಾಯುತ್ತದೆ. ಅದರ ಪಕ್ಕದಲ್ಲಿ ಬೀಟಾ ಘಟಕಗಳು ಪೊರೆಯನ್ನು ಒಂದೇ ಬಾರಿ ಹಾಯ್ದು, ಹೊರಗಡೆ ಪ್ರತಿಕಾಯಗಳಲ್ಲಿ ಕಾಣುವಂಥದೇ ಮಡಿಕೆಯೊಂದನ್ನು ಚಾಚಿರುತ್ತವೆ. ಸಸ್ತನಿಗಳಲ್ಲಿ ಇಂಥ ನಾಲ್ಕು ಜೀನುಗಳಿವೆ. ಬೀಟಾ1 ಮತ್ತು ಬೀಟಾ3 ಆಲ್ಫಾಕ್ಕೆ ಸಡಿಲವಾಗಿ ಒತ್ತಿಕೊಂಡಿರುತ್ತವೆ; ಬೀಟಾ2 ಮತ್ತು ಬೀಟಾ4 ಗಂಧಕದ ಬಂಧದಿಂದ ಬಿಗಿಯಾಗಿ ಜೋಡಿಕೊಂಡಿರುತ್ತವೆ.

ಬೀಟಾ1ರ ಬೆಲೆ ಗೊತ್ತಾದದ್ದು ಕಪ್ಪೆಯ ಮೊಟ್ಟೆಯಲ್ಲಿ. ಆಲ್ಫಾ ಘಟಕದ ಸಂದೇಶ ಆರ್‌ಎನ್‌ಎಯನ್ನು ಮಾತ್ರ ಕಪ್ಪೆಯ ಅಂಡಕೋಶಕ್ಕೆ ಚುಚ್ಚಿದರೆ ನಾಲೆ ತಯಾರಾಗುತ್ತದೆ, ಆದರೆ ಮುಚ್ಚಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ. ಲೋರಿ ಐಸಮ್ ಮತ್ತು ಸಂಗಡಿಗರು 1992ರಲ್ಲಿ ಬೀಟಾ1 ಜೀನನ್ನು ಬೇರ್ಪಡಿಸಿ ಅದನ್ನೂ ಜೊತೆಗೆ ಚುಚ್ಚಿದಾಗ ಪ್ರವಾಹ ಹೆಚ್ಚಿತು. ನಾಲೆ ಮೆದುಳಿನಲ್ಲಿ ಮುಚ್ಚುವಷ್ಟೇ ಚುರುಕಾಗಿ ಮುಚ್ಚತೊಡಗಿತು. ಬೀಟಾ ಘಟಕಗಳ ಹೊರಚಾಚಿದ ಮಡಿಕೆಗೆ ಇನ್ನೊಂದು ಕೆಲಸವೂ ಉಂಟು: ಪಕ್ಕದ ಕೋಶಗಳಿಗೆ ಅಂಟಿಕೊಂಡು ನರತಂತು ಬೆಳೆಯುವ ದಿಕ್ಕಿಗೆ ನೆರವಾಗುವುದು.

ಬೀಟಾ4ರ ಕೆಲಸ ಇದಕ್ಕೆ ವಿರುದ್ಧ. ಕಿರುಮೆದುಳಿನ ಪರ್ಕಿಂಜೆ ಕೋಶಗಳು ಒಂದರ ಹಿಂದೊಂದು ಬಹು ವೇಗವಾಗಿ ಮಿಡಿಯಬೇಕು. ಅಲ್ಲಿ ಬೀಟಾ4ರ ಒಳಬಾಲದ ಒಂದು ತುಣುಕು ತೆರೆದ ರಂಧ್ರವನ್ನು ಕ್ಷಣಕಾಲ ಅಡ್ಡಗಟ್ಟಿ, ನಾಲೆ ಪೂರ್ಣ ನಿಷ್ಕ್ರಿಯವಾಗುವುದನ್ನು ತಪ್ಪಿಸುತ್ತದೆ. ಅಡ್ಡ ಸರಿದೊಡನೆ ಸೋಡಿಯಂ ಮತ್ತೆ ಒಂದಿಷ್ಟು ಹರಿದು ಮುಂದಿನ ಮಿಡಿತಕ್ಕೆ ಅಣಿ ಮಾಡುತ್ತದೆ. ಎಫ್‌ಜಿಎಫ್14 ಎಂಬ ಇನ್ನೊಂದು ಸಹಾಯಕ ನಾಲೆಯ ಒಳಬಾಲಕ್ಕೆ ಅಂಟಿಕೊಂಡು, ನರತಂತು ಹೊರಡುವ ಜಾಗದಲ್ಲಿ ಸೋಡಿಯಂ ನಾಲೆಗಳು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುತ್ತದೆ.

ಕೀಟಗಳಲ್ಲಿ ಈ ಬೀಟಾ ಘಟಕಗಳಿಲ್ಲ. ಅವುಗಳ ಜಾಗದಲ್ಲಿ ಟಿಪ್-ಇ ಎಂಬ, ಪೊರೆಯನ್ನು ಎರಡು ಬಾರಿ ಹಾಯುವ ಬೇರೆಯೇ ವಂಶದ ಪ್ರೋಟೀನು ಇದೆ. ಹಣ್ಣಿನ ನೊಣದಲ್ಲಿ ಈ ದೋಷವನ್ನು 1982ರಲ್ಲಿ ಕುಲಕರ್ಣಿ ಮತ್ತು ಪಾಧ್ಯೆ ವರದಿ ಮಾಡಿದರು. ದೋಷವಿರುವ ನೊಣ ಸಾಧಾರಣ ಬಿಸಿಯಲ್ಲಿ ಚೆನ್ನಾಗಿಯೇ ಓಡಾಡುತ್ತದೆ; 38 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಕಾಲು ಸೋತು ಬೀಳುತ್ತದೆ, ತಂಪಾದರೆ ಮತ್ತೆ ಏಳುತ್ತದೆ. 1995ರಲ್ಲಿ ಆ ಜೀನನ್ನು ಗುರುತಿಸಿದಾಗ ಅದು ನಾಲೆಯದಲ್ಲ, ಸಹಾಯಕದ್ದು ಎಂದು ತಿಳಿಯಿತು.

ಪೊಟ್ಯಾಸಿಯಂ ನಾಲೆಯ ಜೊತೆಗಾರರು

ಪೊಟ್ಯಾಸಿಯಂ ನಾಲೆಗಳಲ್ಲಿ ಬಗೆಗಳು ಹೆಚ್ಚು, ಸಹಾಯಕಗಳ ವೈವಿಧ್ಯವೂ ಅಷ್ಟೇ ಹೆಚ್ಚು. ಕೆವಿ1 ಕುಟುಂಬದ ನಾಲೆಗಳ ಒಳಗಡೆ ಕೆವಿ-ಬೀಟಾ ಎಂಬ ಪ್ರೋಟೀನುಗಳು ಕೂತಿರುತ್ತವೆ. ಕೆವಿ1.1 ನಾಲೆ ಒಂಟಿಯಾಗಿದ್ದಾಗ ಒಮ್ಮೆ ತೆರೆದರೆ ತೆರೆದೇ ಇರುವ ಸ್ವಭಾವದ್ದು. ಕೆವಿ-ಬೀಟಾ1 ಸೇರಿದರೆ ಅದರ ಸಡಿಲವಾದ ತುದಿ ರಂಧ್ರದೊಳಗೆ ಹೊಕ್ಕು ಕೆಲವೇ ಮಿಲಿಸೆಕೆಂಡುಗಳಲ್ಲಿ ಪ್ರವಾಹವನ್ನು ನಿಲ್ಲಿಸುತ್ತದೆ ಎಂದು 1994ರಲ್ಲಿ ತೋರಿಸಲಾಯಿತು. ಈ ಪ್ರೋಟೀನುಗಳ ರಚನೆ ಕೋಶದ ಚಯಾಪಚಯದಲ್ಲಿ ದುಡಿಯುವ ಕಿಣ್ವಗಳನ್ನು ಹೋಲುತ್ತದೆ. 2019ರಲ್ಲಿ ಆಕ್ಸ್‌ಫರ್ಡಿನ ಗೆರೋ ಮೀಸೆನ್‌ಬೋಕ್ ಅವರ ಗುಂಪು ನೊಣದ ಮೆದುಳಿನಲ್ಲಿ ಇದಕ್ಕೊಂದು ಅರ್ಥ ಕಂಡಿತು: ಎಚ್ಚರವಾಗಿದ್ದಷ್ಟೂ ಕೋಶದಲ್ಲಿ ಕೂಡುವ ಉತ್ಕರ್ಷಣದ ಒತ್ತಡವನ್ನು ನಿದ್ರೆ ತರಿಸುವ ನರಕೋಶಗಳಲ್ಲಿ ಈ ಸಹಾಯಕವೇ ಗ್ರಹಿಸಿ, ಪೊಟ್ಯಾಸಿಯಂ ನಾಲೆಯ ಮುಚ್ಚುವಿಕೆಯನ್ನು ನಿಧಾನಗೊಳಿಸಿ, ಆ ಕೋಶಗಳು ಹೆಚ್ಚು ಮಿಡಿಯುವಂತೆ ಮಾಡುತ್ತದೆ.

ಕೆವಿ4 ನಾಲೆಗಳು ನರಕೋಶದ ಟಿಸಿಲುಗಳಲ್ಲಿ ಉದ್ರೇಕವನ್ನು ಹದದಲ್ಲಿಡುತ್ತವೆ. ಇವಕ್ಕೆ ಎರಡು ಬಗೆಯ ಜೊತೆಗಾರರು: ಒಳಗಿನಿಂದ ಹಿಡಿಯುವ, ಕ್ಯಾಲ್ಸಿಯಂ ಗ್ರಹಿಸಬಲ್ಲ ಕೆಚಿಪ್ ಪ್ರೋಟೀನುಗಳು (2000) ಮತ್ತು ಪೊರೆಯಲ್ಲಿ ನಿಲ್ಲುವ ಡಿಪಿಪಿ6 (2003). ಎರಡೂ ಸೇರಿದರೆ ಮಾತ್ರ ಪ್ರಯೋಗಾಲಯದಲ್ಲಿ ತಯಾರಿಸಿದ ನಾಲೆ ನಿಜವಾದ ನರಕೋಶದ ನಾಲೆಯಂತೆ ವರ್ತಿಸುತ್ತದೆ.

ಎಸ್‌ಕೆ ನಾಲೆ ಕ್ಯಾಲ್ಸಿಯಂ ಬಂದಾಗ ತೆರೆಯುತ್ತದೆ, ಆದರೆ ಕ್ಯಾಲ್ಸಿಯಮ್ಮನ್ನು ಹಿಡಿಯುವ ಜಾಗ ಅದರಲ್ಲಿಲ್ಲ. ಆ ಕೆಲಸ ಕ್ಯಾಲ್‌ಮಾಡ್ಯುಲಿನ್ನಿನದು. ಕ್ಯಾಲ್ಸಿಯಂ ಇರಲಿ ಬಿಡಲಿ ಕ್ಯಾಲ್‌ಮಾಡ್ಯುಲಿನ್ ಎಸ್‌ಕೆ ನಾಲೆಗೆ ಸದಾ ಅಂಟಿಕೊಂಡೇ ಇರುತ್ತದೆ ಎಂದು 1998ರಲ್ಲಿ ತಿಳಿದುಬಂತು. ಹೆಚ್ಚು ಪ್ರವಾಹ ಸಾಗಿಸುವ ಬಿಕೆ ನಾಲೆ ಕ್ಯಾಲ್ಸಿಯಮ್ಮನ್ನು ತಾನೇ ಗ್ರಹಿಸಬಲ್ಲದು. ಅದರ ಬೀಟಾ ಘಟಕ ಅಂಗದಿಂದ ಅಂಗಕ್ಕೆ ಬದಲಾಗುತ್ತದೆ. ರಕ್ತನಾಳದ ಸ್ನಾಯುವಿನಲ್ಲಿ ಬೀಟಾ1, ಮೆದುಳಿನಲ್ಲಿ ಮುಖ್ಯವಾಗಿ ಬೀಟಾ4. ಬಿಕೆ ನಾಲೆಯ ಈ ಬೀಟಾ4 ಇಲ್ಲದ ಇಲಿಗಳಿಗೆ ಮೆದುಳಿನ ಪಕ್ಕದ ಹಾಲೆಯಿಂದ ಮೂರ್ಛೆ ಬರುತ್ತದೆ.

ಕ್ಯಾಲ್ಸಿಯಂ ನಾಲೆಯ ಜೊತೆಗಾರರು

ನರತುದಿಯ ಕ್ಯಾಲ್ಸಿಯಂ ನಾಲೆಯಲ್ಲಿ ರಂಧ್ರವಿರುವ ಆಲ್ಫಾ1 ಘಟಕಕ್ಕೆ ಒಳಗಿನಿಂದ ಬೀಟಾ, ಹೊರಗಿನಿಂದ ಆಲ್ಫಾ2-ಡೆಲ್ಟಾ ಅಂಟಿಕೊಳ್ಳುತ್ತವೆ. ಬೀಟಾ ಘಟಕ ಆಲ್ಫಾ1ರ ಒಳಕೊಂಡಿಯೊಂದನ್ನು ಹಿಡಿದು ಅದು ಕೋಶದ ಕಸವಿಲೇವಾರಿ ವ್ಯವಸ್ಥೆಗೆ ಸಿಗದಂತೆ ಕಾಯುತ್ತದೆ. ಆಲ್ಫಾ2-ಡೆಲ್ಟಾ ಒಂದೇ ಜೀನಿನಿಂದ ಒಂದೇ ಸರಪಳಿಯಾಗಿ ಹುಟ್ಟಿ, ಆಮೇಲೆ ಎರಡಾಗಿ ಕತ್ತರಿಸಿಕೊಂಡು, ಗಂಧಕದ ಬಂಧದಿಂದ ಮತ್ತೆ ಜೊತೆಯಾಗಿರುವ ಪ್ರೋಟೀನು. ನಾಲೆಯನ್ನು ನರತುದಿಗೆ ಸಾಗಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಜೋಡಣೆಯ ನಡುವಿನ ಹಂತವೂ ಈಗ ಕಣ್ಣಿಗೆ ಬಿದ್ದಿದೆ: ಇಎಂಸಿ ಎಂಬ ಪ್ರೋಟೀನು ಸಮೂಹ ಅರೆತಯಾರಾದ ನಾಲೆಯನ್ನು ಹಿಡಿದುಕೊಂಡಿದ್ದು, ಕೊನೆಗೆ ಆಲ್ಫಾ2-ಡೆಲ್ಟಾಕ್ಕೆ ಜಾಗ ಬಿಡುತ್ತದೆ ಎಂದು 2023ರಲ್ಲಿ ಡೇನಿಯಲ್ ಮೈನರ್ ಅವರ ಗುಂಪು ತೋರಿಸಿತು.

ಇಲಿಗಳಲ್ಲಿ ಕಂಡ ಮೂರು ಹಳೆಯ ವಂಶದೋಷಗಳು ಈ ಸಹಾಯಕಗಳ ಮಹತ್ವವನ್ನು ಒಟ್ಟಿಗೆ ಹೇಳುತ್ತವೆ. ಒಂದು ತಳಿಯಲ್ಲಿ ಕ್ಯಾಲ್ಸಿಯಂ ನಾಲೆಯ ಬೀಟಾ4, ಇನ್ನೊಂದರಲ್ಲಿ ಆಲ್ಫಾ2-ಡೆಲ್ಟಾ2, ಮತ್ತೊಂದರಲ್ಲಿ ಗಾಮಾ2 ಎಂಬ ಪ್ರೋಟೀನು ಕೆಟ್ಟಿತ್ತು. ಮೂರರಲ್ಲೂ ನಡಿಗೆ ತೂರಾಡುತ್ತದೆ, ಕ್ಷಣಕಾಲ ಪ್ರಜ್ಞೆ ತಪ್ಪಿ ಸ್ತಬ್ಧವಾಗುವ ಬಗೆಯ ಮೂರ್ಛೆ ಬರುತ್ತದೆ. ನಾಲೆಯ ರಂಧ್ರಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಗ್ಲುಟಮೇಟ್ ಗ್ರಾಹಕ ಮತ್ತು ಸ್ಟಾರ್‌ಗೇಜಿನ್

ಮೇಲೆ ಹೇಳಿದ ಗಾಮಾ2 ಕೆಟ್ಟ ಇಲಿ ತಲೆಯನ್ನು ಪದೇ ಪದೇ ಮೇಲಕ್ಕೆತ್ತುತ್ತದೆ; ಅದರಿಂದ ಆ ತಳಿಗೆ ಸ್ಟಾರ್‌ಗೇಜರ್, ಪ್ರೋಟೀನಿಗೆ ಸ್ಟಾರ್‌ಗೇಜಿನ್ ಎಂಬ ಹೆಸರು ಬಂತು. 1998ರಲ್ಲಿ ಜೀನು ಸಿಕ್ಕಾಗ ಅದನ್ನು ಕ್ಯಾಲ್ಸಿಯಂ ನಾಲೆಯ ಘಟಕ ಎಂದೇ ಎಣಿಸಿದ್ದರು. ಆದರೆ ಎರಡು ವರ್ಷಗಳಲ್ಲಿ ಬೇರೆ ಸಂಗತಿ ಹೊರಬಂತು: ಆ ಇಲಿಯ ಕಿರುಮೆದುಳಿನ ಸಣ್ಣ ನರಕೋಶಗಳ ಮೇಲ್ಮೈಯಲ್ಲಿ ಕೆಲಸ ಮಾಡುವ ಎಎಂಪಿಎ ಬಗೆಯ ಗ್ಲುಟಮೇಟ್ ಗ್ರಾಹಕಗಳೇ ಇರಲಿಲ್ಲ. ಮೆದುಳಿನ ವೇಗದ ಉದ್ರೇಕ ಸಂವಹನ ಬಹುಪಾಲು ನಡೆಯುವುದು ಈ ಗ್ರಾಹಕಗಳಿಂದ; ಇವೂ ಅಯಾನು ನಾಲೆಗಳೇ. ಅವನ್ನು ಪೊರೆಗೆ ತಂದು ನರಸಂಧಿಯಲ್ಲಿ ನಿಲ್ಲಿಸುವುದು ಸ್ಟಾರ್‌ಗೇಜಿನ್ನಿನ ಕೆಲಸ. ಇದರ ಬಂಧುಗಳನ್ನು ಒಟ್ಟಾಗಿ ಟಾರ್ಪ್ ಎನ್ನುತ್ತಾರೆ. 2009ರಲ್ಲಿ ಕಾರ್ನಿಕಾನ್ ಎಂಬ ಇನ್ನೊಂದು ವಂಶವೂ ಎಎಂಪಿಎ ಗ್ರಾಹಕದ ಜೊತೆ ಕಾಣಿಸಿತು. ಕಲಿಕೆ, ನೆನಪು ಗಟ್ಟಿಯಾಗುವಾಗ ನರಸಂಧಿಯಲ್ಲಿ ಗ್ರಾಹಕಗಳ ಸಂಖ್ಯೆ ಏರುವುದರಲ್ಲಿ ಟಾರ್ಪ್‌ಗಳ ಪಾಲಿದೆ.

ಬೆಂಗಳೂರಿನ ಕೆಲಸ: ನೊಣದ ಹಾರಾಟ ಮತ್ತು ಸೆಪ್ಟಿನ್ 7

ಈ ಕ್ಷೇತ್ರಕ್ಕೆ ಕರ್ನಾಟಕದಿಂದ ಸಂದ ಸ್ಪಷ್ಟ ಕೊಡುಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಗಾಯ್ತಿ ಹಸನ್ ಅವರ ಪ್ರಯೋಗಾಲಯದ್ದು. ಕೇಂದ್ರದ ಸ್ಥಾಪಕ ಒಬೈದ್ ಸಿದ್ದಿಕಿ 1970ರ ದಶಕದಲ್ಲೇ ಸೆಮೂರ್ ಬೆಂಜರ್ ಜೊತೆ, ಬಿಸಿಗೆ ಮರಗಟ್ಟುವ ನೊಣಗಳ ನರದೋಷಗಳನ್ನು ಅಳೆದಿದ್ದರು. ಆ ನೊಣದ ಪರಂಪರೆ ಇಲ್ಲಿ ಮುಂದುವರಿಯಿತು.

ನರಕೋಶದ ಒಳಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲ ಕ್ಯಾಲ್ಸಿಯಂ ದಾಸ್ತಾನು. ದಾಸ್ತಾನು ಬರಿದಾದರೆ ಅದರ ಪೊರೆಯಲ್ಲಿರುವ ಸ್ಟಿಮ್ ಎಂಬ ಪ್ರೋಟೀನು ಆ ಕೊರತೆಯನ್ನು ಗ್ರಹಿಸಿ, ಕೋಶದ ಹೊರಪೊರೆಯ ಒರಾಯ್ ನಾಲೆಯನ್ನು ತೆರೆಯಿಸಿ ಹೊರಗಿನಿಂದ ಕ್ಯಾಲ್ಸಿಯಂ ತರಿಸುತ್ತದೆ. ಸ್ಟಿಮ್ 2005ರಲ್ಲಿ, ಒರಾಯ್ 2006ರಲ್ಲಿ ಗುರುತಿಗೆ ಬಂದವು. ಆಗ ಮುಖ್ಯವಾಗಿ ಚರ್ಚೆಯಾದದ್ದು ರೋಗನಿರೋಧಕ ಕೋಶಗಳಲ್ಲಿ ಅವುಗಳ ಪಾತ್ರ. ನೊಣ ಹಾರಬೇಕಾದರೆ ನರಕೋಶಗಳಲ್ಲೂ ಈ ವ್ಯವಸ್ಥೆ ಬೇಕು ಎಂದು 2009ರಲ್ಲಿ ಗಾಯತ್ರಿ ವೆಂಕಿಟೇಶ್ವರನ್ ಮತ್ತು ಹಸನ್ ತೋರಿಸಿದರು.

ಹಾರಾಟದ ಪರೀಕ್ಷೆ ನೋಡಲು ತೀರ ಸರಳ. ನೊಣವನ್ನು ಮಂಜುಗಡ್ಡೆಯ ಮೇಲೆ ಒಂದೆರಡು ನಿಮಿಷ ಮಂಪರಾಗಿಸಿ, ತಲೆ ಮತ್ತು ಎದೆಯ ನಡುವೆ ಸಣ್ಣ ಲೋಹದ ತಂತಿಯನ್ನು ಉಗುರುಬಣ್ಣದಿಂದ ಅಂಟಿಸುತ್ತಾರೆ. ನೊಣ ಎಚ್ಚರಗೊಂಡ ಮೇಲೆ ಬಾಯಿಂದ ಒಮ್ಮೆ ಗಾಳಿ ಊದುತ್ತಾರೆ. ಆರೋಗ್ಯವಾದ ನೊಣ ತಂತಿಯ ತುದಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತ ನಿಮಿಷಗಟ್ಟಲೆ ಹಾರುತ್ತದೆ. ಸ್ಟಿಮ್ ಅಥವಾ ಒರಾಯ್ ತಗ್ಗಿದ ನೊಣದ ಹಾರಾಟ ಬೇಗ ನಿಲ್ಲುತ್ತದೆ, ಕೆಲವು ಹಾರುವುದೇ ಇಲ್ಲ.

2016ರಲ್ಲಿ ಇದೇ ಪ್ರಯೋಗಾಲಯದ ದೇಬ್, ಪಾಠಕ್ ಮತ್ತು ಹಸನ್, ಸೆಪ್ಟಿನ್ 7 ಎಂಬ ಪ್ರೋಟೀನು ಒರಾಯ್ ನಾಲೆಗೆ ತಡೆಯಾಗಿ ನಿಂತಿದೆ ಎಂದು ಪ್ರಕಟಿಸಿದರು. ಸೆಪ್ಟಿನ್‌ಗಳು ಪೊರೆಯ ಅಡಿಯಲ್ಲಿ ಎಳೆಗಳಾಗಿ ಸೇರಿ ಪ್ರೋಟೀನುಗಳ ಓಡಾಟಕ್ಕೆ ಎಲ್ಲೆ ಹಾಕುವ ಅಣುಗಳು. ನೊಣದ ನರಕೋಶದಲ್ಲಿ ಸೆಪ್ಟಿನ್ 7 ತಗ್ಗಿಸಿದಾಗ, ದಾಸ್ತಾನು ತುಂಬಿದ್ದರೂ ಒರಾಯ್ ಮೂಲಕ ಕ್ಯಾಲ್ಸಿಯಂ ಒಳಬರತೊಡಗಿತು. ದಾಸ್ತಾನು ಆಧರಿಸಿದ ಕ್ಯಾಲ್ಸಿಯಂ ಪ್ರವೇಶ ಕುಂದಿ ಹಾರಲಾರದಾಗಿದ್ದ ನೊಣಗಳಲ್ಲಿ ಸೆಪ್ಟಿನ್ 7 ಕಡಿಮೆ ಮಾಡಿದರೆ ಆ ಕೊರತೆ ತುಂಬಿ ಹಾರಾಟ ಸುಧಾರಿಸಿತು. ಸಹಜ ನೊಣದಲ್ಲಿ ಅದನ್ನು ಹೆಚ್ಚಿಸಿದರೆ ಕ್ಯಾಲ್ಸಿಯಂ ಪ್ರವೇಶವೂ ಹಾರಾಟದ ಅವಧಿಯೂ ತಗ್ಗಿದವು. ನಾಲೆಯನ್ನೂ ಅದರ ಜೀನನ್ನೂ ಮುಟ್ಟದೆ, ಪಕ್ಕದ ಪ್ರೋಟೀನಿನ ಪ್ರಮಾಣ ಬದಲಿಸಿಯೇ ಪ್ರಾಣಿಯ ನಡವಳಿಕೆಯನ್ನು ಎರಡೂ ದಿಕ್ಕಿಗೆ ತಿರುಗಿಸಬಹುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಕಟ್ಟುನಿಟ್ಟಿನ ಅರ್ಥದಲ್ಲಿ ಸೆಪ್ಟಿನ್ 7 ಸಹಾಯಕ ಉಪಘಟಕವಲ್ಲ, ನಿಯಂತ್ರಕ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಜಿತ್ ಕುಮಾರ್ ಸಿಕ್ದಾರ್ ಪ್ಯಾಚ್ ಕ್ಲ್ಯಾಂಪ್ ವಿಧಾನದಿಂದ ನಾಲೆಗಳ ವರ್ತನೆಯನ್ನೂ, ರಿಷಿಕೇಶ್ ನಾರಾಯಣನ್ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ನರಕೋಶಗಳ ಟಿಸಿಲುಗಳಲ್ಲಿ ಎಚ್‌ಸಿಎನ್ ಎಂಬ ನಾಲೆಗಳ ಹಂಚಿಕೆ ಏನು ಮಾಡುತ್ತದೆ ಎಂಬುದನ್ನೂ ಅಧ್ಯಯನ ಮಾಡಿದ್ದಾರೆ. ಆ ಹಂಚಿಕೆಯ ಹಿಂದೆಯೂ ಒಬ್ಬ ಸಹಾಯಕನಿದ್ದಾನೆ: ಟ್ರಿಪ್8ಬಿ ಎಂಬ ಪ್ರೋಟೀನು ಈ ನಾಲೆಗಳನ್ನು ದೂರದ ಟಿಸಿಲುಗಳಿಗೆ ಕಳಿಸುತ್ತದೆ.

ಬಯಲುಸೀಮೆಯ ಐದು ತಾಲ್ಲೂಕುಗಳಲ್ಲಿ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ದಿನಬಳಕೆಯಲ್ಲಿ ಈ ವಿಷಯ ಮೂರು ಕಡೆ ಎದುರಾಗುತ್ತದೆ: ಚೇಳಿನ ಕಡಿತ, ಬೆಳೆಗೆ ಹೊಡೆಯುವ ಕೀಟನಾಶಕ, ಔಷಧಿ ಅಂಗಡಿಯ ನರನೋವಿನ ಮಾತ್ರೆ.

ಒಣ ಬಯಲಿನಲ್ಲಿ ಕಲ್ಲಿನ ಗುಡ್ಡೆ, ಕಟ್ಟಿಗೆ ರಾಶಿ, ಮೇವಿನ ಬಣವೆಗಳ ಅಡಿಯಲ್ಲಿ ಸೇರುವ ಕೆಂಪು ಚೇಳು ದಪ್ಪ ಬಾಲದ, ಸಣಕಲು ಕೊಂಡಿಗೈಯ ಪ್ರಾಣಿ. ಗಾತ್ರದಲ್ಲಿ ಕರಿಚೇಳಿಗಿಂತ ಚಿಕ್ಕದು, ವಿಷದಲ್ಲಿ ಅದಕ್ಕಿಂತ ಅಪಾಯಕಾರಿ. ಅದರ ವಿಷದ ಮುಖ್ಯ ಅಂಶಗಳು ಸೋಡಿಯಂ ನಾಲೆ ಮುಚ್ಚುವುದನ್ನು ತಡೆಯುತ್ತವೆ. ನರಗಳು ಬಿಡದೆ ಮಿಡಿದು ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ರಕ್ತಕ್ಕೆ ಸುರಿಯುತ್ತವೆ. ಮೈಯೆಲ್ಲ ಬೆವರು, ಜೊಲ್ಲು, ವಾಂತಿ, ತಣ್ಣಗಾದ ಕೈಕಾಲು, ಏರಿದ ರಕ್ತದೊತ್ತಡ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುವುದು ಇದರ ಲಕ್ಷಣಗಳು. ಮಕ್ಕಳಿಗೆ ಅಪಾಯ ಹೆಚ್ಚು. ಮಹಾರಾಷ್ಟ್ರದ ಮಹಾಡಿನಲ್ಲಿ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಮಾತ್ರೆಯನ್ನು ಬಳಕೆಗೆ ತಂದ ಮೇಲೆ ಸಾವು ಬಹಳ ಇಳಿಯಿತು. ಈ ಮಾತ್ರೆ ನಾಲೆಯನ್ನು ಮುಟ್ಟುವುದಿಲ್ಲ. ಸುರಿದ ರಾಸಾಯನಿಕ ರಕ್ತನಾಳದ ಮೇಲೆ ಮಾಡುವ ಹಾವಳಿಯನ್ನು ತಡೆಯುತ್ತದೆ. ಆದ್ದರಿಂದ ಮಂತ್ರ, ಸೊಪ್ಪಿನ ರಸ ಎಂದು ಹೊತ್ತು ಕಳೆಯದೆ ಬೇಗ ಆಸ್ಪತ್ರೆ ಸೇರಿಸುವುದೇ ಮುಖ್ಯ.

ಇದೇ ಕೆಂಪು ಚೇಳಿನ ವಿಷ ಸಹಾಯಕ ಪ್ರೋಟೀನುಗಳ ಅಧ್ಯಯನಕ್ಕೆ ಒಂದು ಸಲಕರಣೆಯೂ ಆಗಿದೆ. 1990ರಲ್ಲಿ ಅದರಿಂದ 37 ಅಮೈನೋ ಆಮ್ಲಗಳ ಐಬೀರಿಯೋಟಾಕ್ಸಿನ್ ದೊರೆಯಿತು. ಅದು ಬಿಕೆ ನಾಲೆಯೊಂದನ್ನೇ ಆರಿಸಿ ಮುಚ್ಚುತ್ತದೆ. 2002ರಲ್ಲಿ ಎಸ್‌ಕೆ ನಾಲೆಯನ್ನು ಮುಚ್ಚುವ ಟಾಮಾಪಿನ್ ಸಿಕ್ಕಿತು. ರಕ್ತನಾಳದ ಬಿಕೆ ನಾಲೆಯನ್ನು ಐಬೀರಿಯೋಟಾಕ್ಸಿನ್ ಸುಲಭವಾಗಿ ಮುಚ್ಚಿದರೆ, ಮೆದುಳಿನ ಹಲವು ಬಿಕೆ ನಾಲೆಗಳಿಗೆ ಅದು ನಾಟುವುದೇ ಇಲ್ಲ. ಎರಡೂ ಕಡೆ ರಂಧ್ರದ ಪ್ರೋಟೀನು ಒಂದೇ. ಮೆದುಳಿನ ಬೀಟಾ4 ಘಟಕದ ಹೊರಭಾಗ ವಿಷಕ್ಕೆ ಅಡ್ಡಬರುತ್ತದೆ ಎಂದು 2000ದಲ್ಲಿ ತಿಳಿಯಿತು. ಹೀಗಾಗಿ ಯಾವ ಕೋಶದಲ್ಲಿ ಯಾವ ಸಹಾಯಕವಿದೆ ಎಂದು ಗುರುತಿಸಲು ಈ ವಿಷ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಹತ್ತಿ, ಶೇಂಗಾ, ತೊಗರಿ ಬೆಳೆಗಳಿಗೆ ‘ಎಣ್ಣೆ ಹೊಡೆಯುವಾಗ’ ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಪೈರೆಥ್ರಾಯ್ಡ್‌ಗಳು ಕೀಟದ ಸೋಡಿಯಂ ನಾಲೆಯನ್ನು ತೆರೆದೇ ಇರಿಸಿ ಅದನ್ನು ನಡುಗಿಸಿ ಕೆಡವುತ್ತವೆ. ಕೀಟಗಳು ಈ ಔಷಧಕ್ಕೆ ಬಗ್ಗದಂತಾಗುವುದಕ್ಕೆ ಒಂದು ಕಾರಣ ನಾಲೆಯ ಜೀನಿನಲ್ಲಾಗುವ ಬದಲಾವಣೆ. ಅದನ್ನು ಪರೀಕ್ಷಿಸಲು ಕೀಟದ ನಾಲೆಯನ್ನು ಕಪ್ಪೆಯ ಅಂಡಕೋಶದಲ್ಲಿ ತಯಾರಿಸಬೇಕು. ನಾಲೆಯ ಜೀನೊಂದನ್ನೇ ಚುಚ್ಚಿದರೆ ಪ್ರವಾಹ ಸಿಗುವುದೇ ಕಷ್ಟ. ಟಿಪ್-ಇ ಜೊತೆಗಿದ್ದರೆ ಅಳೆಯುವಷ್ಟು ಸಿಗುತ್ತದೆ. ಕೀಟದ ಸಹಾಯಕ ಸಸ್ತನಿಯದಕ್ಕಿಂತ ಪೂರ್ತಿ ಬೇರೆ ಎಂಬುದರಿಂದ, ಮನುಷ್ಯನಿಗೆ ತಾಗದ ಕೀಟನಾಶಕಕ್ಕೆ ಅದೇ ಗುರಿಯಾಗಬಹುದೇ ಎಂಬ ಪ್ರಶ್ನೆಯೂ ಇದೆ.

ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿ, ಜೋಮು, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವು, ಇವಕ್ಕೆ ವೈದ್ಯರು ಬರೆಯುವ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ನೇರವಾಗಿ ಸಹಾಯಕ ಪ್ರೋಟೀನಿಗೇ ಅಂಟುವ ಔಷಧಗಳು. ಪ್ರಿಗ್ಯಾಬಲಿನ್ ನಮ್ಮಲ್ಲಿ ಮಿಥೈಲ್‌ಕೋಬಾಲಮಿನ್ ಜೊತೆ ಒಂದೇ ಗುಳಿಗೆಯಲ್ಲಿ ಸಿಗುವುದು ಸಾಮಾನ್ಯ. ಗ್ಯಾಬಪೆಂಟಿನ್ನನ್ನು ಗಾಬಾ ಎಂಬ ನರವಾಹಕದ ಅನುಕರಣೆಯಾಗಿ ರೂಪಿಸಿದ್ದರು; ಅದು ಗಾಬಾ ಗ್ರಾಹಕಕ್ಕೆ ಅಂಟಲೇ ಇಲ್ಲ, ಆದರೂ ಗುಣ ಕೊಟ್ಟಿತು. 1996ರಲ್ಲಿ ಹಂದಿಯ ಮೆದುಳಿನಿಂದ ಅದರ ನಿಜವಾದ ನೆಲೆಯನ್ನು ಬೇರ್ಪಡಿಸಿದಾಗ ಸಿಕ್ಕಿದ್ದು ಆಲ್ಫಾ2-ಡೆಲ್ಟಾ. 2006ರಲ್ಲಿ ಆಲ್ಫಾ2-ಡೆಲ್ಟಾ1ರ ಒಂದೇ ಅಮೈನೋ ಆಮ್ಲ ಬದಲಿಸಿದ ಇಲಿಗಳಲ್ಲಿ ಪ್ರಿಗ್ಯಾಬಲಿನ್ ನೋವು ತಗ್ಗಿಸಲಿಲ್ಲ. ಅಲ್ಲಿಗೆ ಸಂಶಯ ಉಳಿಯಲಿಲ್ಲ. ನರಕ್ಕೆ ಪೆಟ್ಟಾದಾಗ ಈ ಸಹಾಯಕದ ಪ್ರಮಾಣ ಏರಿ, ನೋವಿನ ನರತುದಿಗಳಿಗೆ ಹೆಚ್ಚು ಕ್ಯಾಲ್ಸಿಯಂ ನಾಲೆಗಳು ಸಾಗುತ್ತವೆ. ಔಷಧ ಆ ಸಾಗಾಟವನ್ನು ತಗ್ಗಿಸುತ್ತದೆ. ನೋವುನಿವಾರಕ ಮಾತ್ರೆಯಂತೆ ಒಂದು ಗುಳಿಗೆಗೇ ಫಲ ಕಾಣದೆ ದಿನಗಟ್ಟಲೆ ಕಾಯಬೇಕಾಗುವುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ. ತಲೆಸುತ್ತು, ಮಂಪರು, ಕಾಲು ಬಾವು ಇದರ ಅಡ್ಡಪರಿಣಾಮಗಳು. ಔಷಧ ಮೂತ್ರಪಿಂಡದ ಮೂಲಕ ಹಾಗೆಯೇ ಹೊರಹೋಗುವುದರಿಂದ ಕಿಡ್ನಿ ದುರ್ಬಲವಾದವರಿಗೆ ಪ್ರಮಾಣ ತಗ್ಗಿಸಬೇಕು. ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಸಹಾಯಕ ಕೆಟ್ಟಾಗ ಬರುವ ರೋಗಗಳು

ಮನುಷ್ಯರಲ್ಲಿ ಸಹಾಯಕ ಪ್ರೋಟೀನಿನ ದೋಷದಿಂದ ಮೂರ್ಛೆರೋಗ ಬರುವುದು ಮೊದಲಿಗೆ ಖಚಿತವಾದದ್ದು 1998ರಲ್ಲಿ. ಎಳೆತನದಲ್ಲಿ ಜ್ವರ ಬಂದಾಗ ಫಿಟ್ಸ್, ಮುಂದೆ ಜ್ವರವಿಲ್ಲದೆಯೂ ಬೇರೆ ಬೇರೆ ಬಗೆಯ ಫಿಟ್ಸ್ ಬರುವ ಆಸ್ಟ್ರೇಲಿಯದ ದೊಡ್ಡ ಕುಟುಂಬವೊಂದರಲ್ಲಿ ಸೋಡಿಯಂ ನಾಲೆಯ ಬೀಟಾ1 ಜೀನಾದ ಎಸ್‌ಸಿಎನ್1ಬಿ ಬದಲಾಗಿತ್ತು. 121ನೇ ಜಾಗದ ಸಿಸ್ಟೀನ್ ಹೋಗಿ ಟ್ರಿಪ್ಟೊಫ್ಯಾನ್ ಬಂದಿತ್ತು. ಹೊರಮಡಿಕೆಯನ್ನು ಹಿಡಿದಿಡುವ ಗಂಧಕದ ಬಂಧ ಅದರಿಂದ ತಪ್ಪಿತ್ತು. ಎಫ್‌ಜಿಎಫ್14 ದೋಷದಿಂದ ನಡಿಗೆ ತೂರಾಡುವ ಕಿರುಮೆದುಳಿನ ರೋಗ ಬರುತ್ತದೆ ಎಂದು 2003ರಲ್ಲಿ ಡಚ್ ಕುಟುಂಬವೊಂದರಲ್ಲಿ ಕಂಡುಬಂತು. ಅದೇ ಜೀನಿನೊಳಗೆ ಡಿಎನ್‌ಎ ತುಣುಕೊಂದು ನೂರಾರು ಬಾರಿ ಮರುಕಳಿಸುವುದು, ಇಳಿವಯಸ್ಸಿನಲ್ಲಿ ಶುರುವಾಗುವ ತೂರಾಟಕ್ಕೆ ಕಾರಣಗಳಲ್ಲೊಂದು ಎಂದು 2023ರಲ್ಲಿ ಪ್ರಕಟವಾಯಿತು.

ಜೀನು ಸರಿಯಿದ್ದರೂ ದೇಹದ ಪ್ರತಿಕಾಯಗಳೇ ಸಹಾಯಕಗಳ ಮೇಲೆ ಎರಗುವುದುಂಟು. ಎಲ್‌ಜಿಐ1 ಮತ್ತು ಕ್ಯಾಸ್ಪರ್2 ಎಂಬ ಪ್ರೋಟೀನುಗಳು ಕೆವಿ1 ಪೊಟ್ಯಾಸಿಯಂ ನಾಲೆಯ ಸಮೂಹದಲ್ಲಿ ಸೇರಿವೆ. ಇಂಥ ರೋಗಿಗಳ ಪ್ರತಿಕಾಯ ನಾಲೆಯ ಮೇಲೇ ಎಂದು ಮೊದಲು ತಿಳಿದಿದ್ದರು. 2010ರಲ್ಲಿ ಅದು ಈ ಜೊತೆಗಾರರ ಮೇಲೆ ಎಂದು ಸ್ಪಷ್ಟವಾಯಿತು. ಎಲ್‌ಜಿಐ1 ವಿರುದ್ಧದ ಪ್ರತಿಕಾಯವಿದ್ದರೆ ಮುಖದ ಒಂದು ಬದಿ ಮತ್ತು ಅದೇ ಬದಿಯ ತೋಳು ಕ್ಷಣಕಾಲ ಸೆಟೆಯುವುದು ದಿನಕ್ಕೆ ಹತ್ತಾರು ಬಾರಿ ನಡೆಯುತ್ತದೆ, ನೆನಪು ಕುಗ್ಗುತ್ತದೆ. ಕ್ಯಾಸ್ಪರ್2 ವಿರುದ್ಧವಿದ್ದರೆ ಸ್ನಾಯುಗಳು ಅದುರುತ್ತವೆ, ನಿದ್ರೆ ಹಾರಿಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಇಂಥ ರೋಗಿಗಳನ್ನು ಗುರುತಿಸಿ ವರದಿ ಮಾಡಿದ್ದಾರೆ. ಫಿಟ್ಸ್ ಮಾತ್ರೆಗೆ ಜಗ್ಗದ ಈ ಸೆಟೆತ ಸ್ಟೀರಾಯ್ಡ್ ಮುಂತಾದ ರೋಗನಿರೋಧ ತಗ್ಗಿಸುವ ಚಿಕಿತ್ಸೆಗೆ ಬಗ್ಗುವುದರಿಂದ ಬೇಗ ಗುರುತಿಸುವುದು ಮುಖ್ಯ.

ಅಧ್ಯಯನದ ಈಗಿನ ದಿಕ್ಕು

ಕಳೆದ ಒಂದು ದಶಕದಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನಾಲೆ ಮತ್ತು ಸಹಾಯಕಗಳನ್ನು ಜೊತೆಯಾಗಿಯೇ ನೋಡಲು ಸಾಧ್ಯವಾಗಿದೆ. 2016ರಲ್ಲಿ ಎಎಂಪಿಎ ಗ್ರಾಹಕ ಮತ್ತು ಸ್ಟಾರ್‌ಗೇಜಿನ್ ಜೋಡಿಯ, 2017ರಲ್ಲಿ ವಿದ್ಯುತ್ ಮೀನಿನ ಸೋಡಿಯಂ ನಾಲೆ ಮತ್ತು ಬೀಟಾ1ರ ರಚನೆಗಳು ಹೊರಬಂದವು. ಒಂದು ನಾಲೆಗೆ ಒಮ್ಮೆಗೆ ಎಷ್ಟು ಸಹಾಯಕಗಳು ಅಂಟಿರುತ್ತವೆ, ವಯಸ್ಸು, ಕಲಿಕೆ, ಗಾಯಗಳೊಂದಿಗೆ ಆ ಎಣಿಕೆ ಹೇಗೆ ಬದಲಾಗುತ್ತದೆ ಎಂಬುದು ಈಗಿನ ಮುಖ್ಯ ಪ್ರಶ್ನೆ.

ಔಷಧ ಸಂಶೋಧನೆಯ ಆಸಕ್ತಿಯೂ ಇಲ್ಲೇ ಇದೆ. ಒಂದೇ ಬಗೆಯ ನಾಲೆ ಮೆದುಳಿನ ತುಂಬ, ಎಷ್ಟೋ ವೇಳೆ ಹೃದಯದಲ್ಲೂ ಇರುವುದರಿಂದ ಅದನ್ನೇ ಮುಚ್ಚುವ ಔಷಧ ಬೇಡದ ಕಡೆಯಲ್ಲೂ ಕೆಲಸ ಮಾಡುತ್ತದೆ. ಎಎಂಪಿಎ ಗ್ರಾಹಕವನ್ನು ಎಲ್ಲೆಡೆ ತಡೆಯುವ ಮೂರ್ಛೆ ಔಷಧಗಳಿಂದ ತಲೆಸುತ್ತು, ತೂರಾಟ ಬರುವುದು ಕಿರುಮೆದುಳಿನ ಗ್ರಾಹಕಗಳೂ ಮುಚ್ಚಿಹೋಗುವುದರಿಂದ. ಕಿರುಮೆದುಳಿನಲ್ಲಿ ಹೆಚ್ಚಾಗಿರುವ ಟಾರ್ಪ್ ಗಾಮಾ2. ಹಿಪೊಕ್ಯಾಂಪಸ್ ಸುತ್ತಮುತ್ತ ಹೆಚ್ಚಾಗಿರುವುದು ಗಾಮಾ8. ಗಾಮಾ8 ಜೊತೆಗಿರುವ ಗ್ರಾಹಕವನ್ನು ಮಾತ್ರ ತಡೆಯುವ ಸಂಯುಕ್ತವೊಂದು ಇಲಿಗಳಲ್ಲಿ ನಡಿಗೆ ಕೆಡಿಸದೆ ಮೂರ್ಛೆಯನ್ನು ತಡೆಯಿತು ಎಂದು 2016ರಲ್ಲಿ ವರದಿಯಾಯಿತು. ಗ್ಯಾಬಪೆಂಟಿನ್ ಅರಿಯದೆ ಹಿಡಿದ ದಾರಿಯನ್ನು ಈಗ ಔಷಧ ರೂಪಿಸುವವರು ಗೊತ್ತಿದ್ದೇ ಹಿಡಿದಿದ್ದಾರೆ.